ಫಾರಮ್ಮಿನ ಮೂಲೆಯ ಚುಕ್ಕೆ

ವಿಜಯನಗರದಿಂದ ಕೆಂಗೇರಿಯವರೆಗೆ ನಾನು ಬಾಗಿಲು ತಟ್ಟದ ಒಂದು ರಸ್ತೆಯನ್ನು ಯಾರಾದರೂ ಹುಡುಕಿ ತೋರಿಸಲಿ, ನೋಡೋಣ. ಇದು ಜಂಬ ಅಂದರೆ ಜಂಬವೇ ಸರಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಂಶೋಧನೆ ಮಾಡುವವರಿಗಾಗಿ ಮನೆಮನೆ ಸುತ್ತಿ, ಪ್ರಶ್ನೆ ಕೇಳಿ, ಫಾರಂ ತುಂಬಿಕೊಂಡು ಬಂದವಳು ನಾನು. ಅಚ್ಚಾದ ವರದಿಗಳಲ್ಲಿ ನಮ್ಮಂಥವರನ್ನು ‘ಕ್ಷೇತ್ರ ಸಿಬ್ಬಂದಿ’ ಎನ್ನುತ್ತಾರೆ. ಬಾಗಿಲು ತೆಗೆದವರು ಒಳಗೆ ತಿರುಗಿ ‘ಸರ್ವೆಯವರು ಬಂದಿದಾರೆ’ ಎಂದು ಕೂಗುತ್ತಾರೆ. ನಮ್ಮತ್ತೆ ಮಾತ್ರ ಇವತ್ತಿಗೂ ‘ಬೀದಿ ಸುತ್ತೋ ಕೆಲಸ’ ಅನ್ನುತ್ತಾರೆ.

ನನ್ನ ಓದು ಪಿಯುಸಿಗೆ ನಿಂತಿತು. ನಾನು ತಂದುಕೊಟ್ಟ ಉತ್ತರಗಳ ಮೇಲೆ ಡಾಕ್ಟರೇಟ್ ಪಡೆದವರು ಎಷ್ಟೋ ಜನ ಇದ್ದಾರೆ. ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡರೆ ಕೆಲವರು ಕಾರು ನಿಲ್ಲಿಸಿ ಮಾತಾಡಿಸುತ್ತಾರೆ, ಕೆಲವರು ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ನಿಲ್ಲಿಸದವರ ಫಾರಂಗಳನ್ನೂ ನಾನು ಅಷ್ಟೇ ನಿಷ್ಠೆಯಿಂದ ತುಂಬಿದ್ದೆ ಎನ್ನುವುದು ಅವರಿಗೂ ಗೊತ್ತು. ಆ ನಿಷ್ಠೆಯ ಮೇಲೆಯೇ ಒಂದು ಸಲ ಕಲ್ಲು ಬಿತ್ತು. ಆ ಕಥೆಯನ್ನು ಬರೆದಿಡೋಣ ಅಂತ ಕೂತಿದ್ದೇನೆ.

ಕೆಲವೇ ವರ್ಷಗಳ ಹಿಂದಿನ ಮಾತು. ಸಾಲುಮನೆಗಳ ವಠಾರದಲ್ಲಿ ಬಾಡಿಗೆಗಿರುವ ಹೆಂಗಸರ ಬದುಕಿನ ಮೇಲೆ ನಾಲ್ಕು ವಿಷಯದವರು ಒಟ್ಟಿಗೆ ಕೂತು ಒಂದು ಸಂಶೋಧನೆ ಶುರುಮಾಡಿದರು. ವಠಾರದಲ್ಲಿ ಆರೇಳು ಮನೆಗೆ ಒಂದೇ ಕಕ್ಕಸು ಇರುತ್ತದಲ್ಲ, ಅದರಿಂದ ಹೆಂಗಸರ ಆರೋಗ್ಯ ಏನಾಗುತ್ತದೆ ಎನ್ನುವುದು ಆರೋಗ್ಯದವರ ಪ್ರಶ್ನೆ. ಅಲ್ಲಿಯ ಕೊಳಚೆ ಹರಿದು ಎಲ್ಲಿಗೆ ಸೇರುತ್ತದೆ ಎನ್ನುವುದು ಪರಿಸರದವರದು. ಮನೆ ಮಾಲೀಕ ಬಾಡಿಗೆಯವರಿಗೆ ಏನೇನು ಒದಗಿಸಲೇಬೇಕು ಎನ್ನುವುದು ಕಾನೂನಿನವರದು. ಇವರ ಜೊತೆಗೆ ಚರಿತ್ರೆಯ ಮೇಷ್ಟ್ರೊಬ್ಬರು, ವಠಾರದ ಹಳೆಯ ಕಥೆಗಳು ಬೇಕು ಎಂದು ಬಂದು ಸೇರಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಹಾಳೆ. ನಾಲ್ಕನ್ನೂ ಸೇರಿಸಿ ಪಿನ್ ಹೊಡೆದರೆ ಒಂದು ಫಾರಂ. ಯಾರ ಹಾಳೆ ಮೇಲಿರಬೇಕು ಎಂದು ಅವರು ಎರಡು ದಿನ ಕಿತ್ತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಆರೋಗ್ಯದವರ ಬಿಳಿ ಹಾಳೆ ಗೆದ್ದಿತು.

ಕಾನೂನಿನವರ ಹಳದಿ ಹಾಳೆಯ ಪ್ರಶ್ನೆಗಳಂತೂ ರೈಲು ಬೋಗಿಯಷ್ಟು ಉದ್ದ. ಮಲ್ಲತ್ತಹಳ್ಳಿಯ ಒಂದು ಮನೆಯಲ್ಲಿ ನಾನು ‘ಸದರಿ ಬಾಡಿಗೆದಾರರು’ ಎಂದು ಶುರುಮಾಡಿ ಕೊನೆ ಮುಟ್ಟಿಸುವಷ್ಟರಲ್ಲಿ ಒಳಗೆ ಹಾಲು ಉಕ್ಕಿ ಸ್ಟೌವೇ ಆರಿಹೋಯಿತು. ಆ ಮನೆಯಾಕೆ ನನ್ನನ್ನು ಬೈದರು. ನಾನು ಆಫೀಸಿಗೆ ಬಂದು ಕಾನೂನಿನವರನ್ನು ಬೈದೆ. ಮಾರನೆಯ ವಾರಕ್ಕೆ ಪ್ರಶ್ನೆಗಳು ಅರ್ಧಕ್ಕೆ ಇಳಿದವು.

ಇವರನ್ನೆಲ್ಲ ಹಿಡಿದು ನಡೆಸುತ್ತಿದ್ದವರು ಆರೋಗ್ಯ ವಿಭಾಗದ ಸಂಶೋಧಕಿ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ, ಅವರು ನನ್ನನ್ನು ಆಂಟಿ ಅನ್ನುತ್ತಿದ್ದರು. ಮೇಡಮ್ಮಿಗೆ ಇಡೀ ಫಾರಮ್ಮಿನಲ್ಲಿ ಬಹಳ ಮುಖ್ಯವಾಗಿದ್ದದ್ದು ಬಿಳಿ ಹಾಳೆಯ ಎರಡು ಪ್ರಶ್ನೆ. ಪದೇ ಪದೇ ಕಕ್ಕಸಿಗೆ ಹೋಗಬೇಕಾಗುತ್ತದೆಂದು ಹಗಲು ಹೊತ್ತು ಬೇಕೆಂದೇ ನೀರು ಕಡಿಮೆ ಕುಡಿಯುತ್ತೀರಾ ಎನ್ನುವುದು ಒಂದು. ಉರಿಮೂತ್ರ ಆಗಿದೆಯಾ ಎನ್ನುವುದು ಇನ್ನೊಂದು. ಕೇಳುವುದಕ್ಕೆ ಸುಲಭ, ಹೇಳುವುದಕ್ಕೆ ಕಷ್ಟ.

ಹೆಂಗಸರ ಬಾಯಿಂದ ಇಂಥ ಮಾತು ಹೊರಡಿಸುವುದಕ್ಕೆ ನನ್ನದೇ ಒಂದು ದಾರಿ ಇತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗುತ್ತಿದ್ದೆ. ಆಗ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಮಕ್ಕಳು ಸ್ಕೂಲಿಗೆ, ಅತ್ತೆ ದೇವಸ್ಥಾನಕ್ಕೋ ತರಕಾರಿಗೋ ಹೋಗಿರುತ್ತಾರೆ. ಮನೆಯಾಕೆ ಅವರೆಕಾಯಿ ಬಿಡಿಸುತ್ತಿದ್ದರೆ ನಾನೂ ನಾಲ್ಕು ಬಿಡಿಸುತ್ತಿದ್ದೆ. ಪೆನ್ನು ಆಮೇಲೆ.

ಎಲ್ಲ ಮನೆಯಲ್ಲೂ ಈ ಅನುಕೂಲ ಸಿಗುವುದಿಲ್ಲ. ಅತ್ತೆ ಹೊಸ್ತಿಲಲ್ಲೇ ಕೂತಿರುತ್ತಾರೆ, ಗಂಡನಿಗೆ ನೈಟ್ ಶಿಫ್ಟ್ ಇದ್ದರೆ ಅಲ್ಲೇ ಮಲಗಿರುತ್ತಾನೆ. ಅಂಥ ಕಡೆ ಬಂದ ಉತ್ತರವನ್ನೇ ಬರೆದುಕೊಳ್ಳಬೇಕು. ನಮ್ಮ ಕೆಲಸದ ಮೊದಲ ಪಾಠವೂ ಅದೇ: ಹೇಳಿದ್ದಷ್ಟನ್ನೇ ಬರೆಯಬೇಕು, ಅಂಚಿನಲ್ಲಿ ಆಚೀಚೆ ಗೀಚಬಾರದು. ಗೀಚಿದರೆ ಕಂಪ್ಯೂಟರಿಗೆ ಏರಿಸುವವರು ತಬ್ಬಿಬ್ಬಾಗುತ್ತಾರಂತೆ. ನಾನು ಈ ನಿಯಮವನ್ನು ಶುರುವಿನಿಂದಲೂ ಕದ್ದು ಮುರಿದವಳು. ಉತ್ತರ ಹೇಳುವವರ ಪಕ್ಕದಲ್ಲಿ ಮನೆಯ ಬೇರೆ ಯಾರೇ ಇದ್ದರೂ ಮೊದಲ ಹಾಳೆಯ ಬಲ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುತ್ತಿದ್ದೆ. ಅವರೊಬ್ಬರೇ ಇದ್ದರೆ ಮೂಲೆ ಖಾಲಿ. ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ, ಹುಡುಕಿದರೆ ಮಾತ್ರ ಕಾಣಬೇಕು. ಯಾರಿಗೂ ಹೇಳಿರಲಿಲ್ಲ. ಅದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಈ ಉತ್ತರವನ್ನು ಪೂರ್ತಿ ನಂಬಬೇಡ ಅಂತ ನನಗೆ ನಾನೇ ಹೇಳಿಕೊಂಡ ಹಾಗೆ, ಅಷ್ಟೇ.

ನಾವು ತಂದ ಫಾರಂ ನಿಜವೋ ಸುಳ್ಳೋ ಎಂದು ನೋಡುವುದಕ್ಕೆ ಒಬ್ಬ ಮೇಲ್ವಿಚಾರಕರು ಇರುತ್ತಾರೆ. ನಾವು ಹೋಗಿ ಬಂದ ಮನೆಗಳಲ್ಲಿ ಕೆಲವನ್ನು ಆರಿಸಿಕೊಂಡು ಅವರು ಮತ್ತೆ ಹೋಗಿ ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಉತ್ತರ ತಾಳೆಯಾದರೆ ಸಹಿ. ಆ ಸಲದ ಮೇಲ್ವಿಚಾರಕರು ನಲವತ್ತು ದಾಟಿದವರು, ಶಿಸ್ತಿನ ಮನುಷ್ಯ, ಜೇಬಿನಲ್ಲಿ ಯಾವಾಗಲೂ ಕೆಂಪು ಪೆನ್ನು. ಜನ ಮನೆಯಲ್ಲಿ ಸಿಗಲಿ ಎಂದು ಅವರು ಭಾನುವಾರ ನೋಡಿಕೊಂಡು ಹೋಗಿದ್ದರು.

ಮುಂದಿನ ವಾರ ನನ್ನನ್ನು ಆಫೀಸಿಗೆ ಕರೆಸಿದರು. ಆಫೀಸೆಂದರೆ ಮಲ್ಲತ್ತಹಳ್ಳಿ ಕೆರೆಯ ಕಡೆಗೆ ಕಿಟಕಿ ಇರುವ ಒಂದು ಬಾಡಿಗೆ ಮನೆಯ ಮಹಡಿ. ಮೇಜಿನ ಮೇಲೆ ನನ್ನ ಫಾರಂಗಳು, ತಾಳೆಯಾದದ್ದು, ಆಗದ್ದು ಎನ್ನದೆ ಮೇಲಿನಿಂದ ಕೆಳಗಿನವರೆಗೆ ಒಂದೊಂದರ ಮೇಲೂ ಕೆಂಪಕ್ಷರದಲ್ಲಿ ‘ಸಂಶಯ’ ಎಂದು ಬರೆದಿತ್ತು. ಮೇಡಂ ಕಿಟಕಿಯ ಹತ್ತಿರ ಕೂತಿದ್ದರು, ನನ್ನ ಮುಖ ನೋಡಲಿಲ್ಲ.

“ನಿಮ್ಮ ಫಾರಮ್ಮಲ್ಲಿ ಹೌದು ಅಂತಿದೆ. ನಾನು ಹೋಗಿ ಕೇಳಿದ್ರೆ ಇಲ್ಲ ಅಂತಾರೆ,” ಅಂದರು ಮೇಲ್ವಿಚಾರಕರು. “ಒಂದೆರಡು ಮನೆ ಆದ್ರೆ ಬಿಡಿ ಅನ್ಬೋದು. ಇಷ್ಟೊಂದು ಮನೇಲಿ ಹೆಂಗಮ್ಮಾ? ಮರದಡಿ ಕೂತ್ಕೊಂಡು ತುಂಬಿದ್ರಾ?”

ಮರದಡಿ ಫಾರಂ ಎಂದರೆ ನಮ್ಮ ಕಸುಬಿನಲ್ಲಿ ಏನು ಎಂದು ಹೇಳಿಬಿಡುತ್ತೇನೆ. ಮನೆಗಳಿಗೆ ಹೋಗುವ ಉಸಾಬರಿಯೇ ಬೇಡ ಎಂದು ಪಾರ್ಕಿನ ಮರದ ಕೆಳಗೋ ದರ್ಶಿನಿಯ ಮೂಲೆಯಲ್ಲೋ ಕೂತು, ತಾವೇ ಉತ್ತರ ಹುಟ್ಟಿಸಿಕೊಂಡು ತುಂಬುವ ಫಾರಂ ಅದು. ಆ ಹೆಸರು ಒಂದು ಸಲ ಅಂಟಿತೆಂದರೆ ಮತ್ತೆ ಯಾವ ಸಂಸ್ಥೆಯವರೂ ಒಳಗೆ ಸೇರಿಸುವುದಿಲ್ಲ. ಬಿಸಿಲಲ್ಲಿ ಸುತ್ತಿ ನಾಲ್ಕು ಜೊತೆ ಚಪ್ಪಲಿ ಸವೆಸಿದವಳಿಗೆ ಈ ಮಾತು! ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ನಿಮ್ಮ ಕೆಲಸವೂ ಬೇಡ, ನಿಮ್ಮ ಸಂಶೋಧನೆಯೂ ಬೇಡ ಎಂದು ಹೇಳಿ, ಛತ್ರಿ ಚೀಲ ಎತ್ತಿಕೊಂಡು ಧಡಧಡ ಮೆಟ್ಟಿಲಿಳಿದುಬಿಟ್ಟೆ.

ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಕೆಂಗೇರಿಯ ಒಬ್ಬ ಹೆಂಗಸಿನ ನೆನಪಾಯಿತು. ಅದರ ಹಿಂದಿನ ತಿಂಗಳು ಅವಳ ಮನೆಗೆ ಹೋಗಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತ, ಎಷ್ಟೋ ಹೊತ್ತಿನ ಮೇಲೆ ಬಾಯಿಬಿಟ್ಟಿದ್ದಳು. “ಅಕ್ಕ, ಇದನ್ನ ಯಾರ್ ಹತ್ರಾನೂ ಹೇಳಿಲ್ಲ. ನೀವ್ ಬರ್ಕೊಳಿ,” ಅಂದಿದ್ದಳು. ಬರೆದುಕೊಂಡಿದ್ದೆ. ಆ ಫಾರಮ್ಮಿನ ಮೇಲೂ ಈಗ ಕೆಂಪಕ್ಷರ ಬಿದ್ದಿದೆ. ನನ್ನದನ್ನೆಲ್ಲ ಎತ್ತಿ ಮೂಲೆಗೆ ಹಾಕಿ ಭಾನುವಾರದ ಉತ್ತರಗಳನ್ನು ಇಟ್ಟುಕೊಂಡರೆ, ವಠಾರದ ಹೆಂಗಸರಿಗೆ ಯಾವ ತೊಂದರೆಯೂ ಇಲ್ಲ ಎಂದೇ ಅಚ್ಚಾಗುತ್ತದೆ. ನನ್ನ ಹೆಸರೂ ಮಣ್ಣಾಗುತ್ತದೆ, ಅವಳ ಮಾತೂ ಮಣ್ಣಾಗುತ್ತದೆ. ಹೋದರೆ ಹೋಗಲಿ ಎಂದು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಮತ್ತೆ ಮೇಲಕ್ಕೆ ಹತ್ತಿದೆ.

ಫಾರಂಗಳ ಬಲ ಮೂಲೆ ನೋಡಿ ಎಂದು ಮೇಡಮ್ಮಿಗೆ ಹೇಳಿದೆ. ಚುಕ್ಕೆಯ ವಿಷಯ ಪೂರ್ತಿ ಒಪ್ಪಿಕೊಂಡೆ, ನಿಯಮ ಮುರಿದದ್ದನ್ನೂ. ಮೇಲ್ವಿಚಾರಕರು, ಈಕೆ ಇದನ್ನು ಈಗ ಹುಟ್ಟಿಸಿಕೊಂಡು ಹೇಳುತ್ತಿದ್ದಾರೆ ಅಂದರು. ಮೇಡಂ ಆ ಕಡೆಯೂ ಮಾತಾಡಲಿಲ್ಲ, ಈ ಕಡೆಯೂ ಮಾತಾಡಲಿಲ್ಲ. ಓದಿದವರ ಬುದ್ಧಿ ಅಂದರೆ ಏನು ಎಂದು ನಾನು ಅವತ್ತು ನೋಡಿದೆ. ನನ್ನನ್ನು ಫಾರಂಗಳಿಂದ ದೂರ, ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿದರು. ಮೇಲ್ವಿಚಾರಕರಿಗೆ, ನಿಮ್ಮ ಪಟ್ಟಿ ನೋಡಿ ಒಂದೊಂದೇ ಮನೆಯ ನಂಬರ್ ಓದಿ, ಉತ್ತರ ತಾಳೆಯಾಯಿತೋ ಇಲ್ಲವೋ ಅಷ್ಟು ಹೇಳಿ ಸಾಕು ಅಂದರು. ತಾಳೆಯಾದವನ್ನು ನೆಲದ ಮೇಲೆ ಗೋಡೆಯ ಕಡೆಗೆ ಇಟ್ಟರು, ತಾಳೆಯಾಗದವನ್ನು ಕಿಟಕಿಯ ಕಡೆಗೆ. ಎಲ್ಲ ಮುಗಿಯುವವರೆಗೆ ಒಂದರ ಮೂಲೆಯನ್ನೂ ನೋಡಲಿಲ್ಲ.

ಆಮೇಲೆ ಮಂಡಿಯೂರಿ ಕೂತು ಗೋಡೆಯ ಕಡೆಯ ಗುಡ್ಡೆ ತೆಗೆದುಕೊಂಡರು. ಒಂದೊಂದನ್ನೇ ಬೆಳಕಿಗೆ ಹಿಡಿದರು. ಚುಕ್ಕೆ ಇತ್ತು. ಇನ್ನೊಂದರಲ್ಲೂ ಇತ್ತು. ಮತ್ತೊಂದರಲ್ಲೂ. ಆ ಮನೆಗಳಲ್ಲಿ ಯಾರದೋ ಎದುರಿಗೆ ನನಗೂ ಇಲ್ಲ ಅಂದಿದ್ದರು, ಇವರಿಗೂ ಇಲ್ಲ ಅಂದಿದ್ದರು. ಒಂದೆರಡರಲ್ಲಿ ಇರಲಿಲ್ಲ, ಅವು ನೀರು ಕುಡಿಯಲು ಹೆದರದ ಗಟ್ಟಿಗಿತ್ತಿಯರ ಮನೆ. ಆ ಹೆಂಗಸರು ಒಬ್ಬರೇ ಇದ್ದಾಗಲೂ ಇಲ್ಲ ಅಂದಿದ್ದರು, ಎಲ್ಲರೆದುರೂ ಇಲ್ಲ ಅಂದಿದ್ದರು. ಕಿಟಕಿಯ ಕಡೆಯ ಗುಡ್ಡೆಯಲ್ಲಿ ತೆಗೆದ ತೆಗೆದ ಫಾರಮ್ಮಿನ ಮೂಲೆಯೆಲ್ಲ ಖಾಲಿ. ಅಂದರೆ ಹೆಂಗಸು ಒಬ್ಬಳೇ ಇದ್ದಾಗ ನನಗೆ ಹೌದು ಅಂದಿದ್ದಾಳೆ, ಭಾನುವಾರ ಮನೆತುಂಬ ಜನರೆದುರು ಈ ಗಂಡಸಿಗೆ ಇಲ್ಲ ಅಂದಿದ್ದಾಳೆ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಎರಡು ಗುಡ್ಡೆಗಳೇ ಹೇಳುತ್ತಿದ್ದವು. ನನ್ನ ಎದೆ ಹಗುರಾಗುತ್ತ ಬಂತು.

ಅಷ್ಟರಲ್ಲಿ ಮೇಡಂ ಕೈ ನಿಂತಿತು. ಕಿಟಕಿಯ ಗುಡ್ಡೆಯ ಒಂದು ಫಾರಮ್ಮಿನಲ್ಲಿ ಚುಕ್ಕೆ ಇತ್ತು. ಪಕ್ಕದಲ್ಲಿ ಯಾರೋ ಇದ್ದರೂ ಆ ಹೆಂಗಸು ನನಗೆ ಹೌದು ಅಂದಿದ್ದಳು. ಮೇಲ್ವಿಚಾರಕರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಮನೆಯ ನಂಬರ್ ಕೇಳಿದೆ, ಕಣ್ಣು ಮುಚ್ಚಿಕೊಂಡು ಆ ಬಾಗಿಲನ್ನು ನೆನೆಸಿಕೊಂಡೆ. ಹಸಿರು ಬಣ್ಣದ ಬಾಗಿಲು, ಪಕ್ಕದಲ್ಲಿ ತುಳಸಿ ಕುಂಡ, ಒಳಗೆ ಮಂಚದ ಮೇಲೆ ಒಬ್ಬರು ಅಜ್ಜಿ.

“ಪಕ್ಕದಲ್ಲಿ ಅಜ್ಜಿ ಕೂತಿದ್ರು ಮೇಡಂ. ಅದಕ್ಕೆ ಚುಕ್ಕೆ ಇಟ್ಟೆ. ಆದ್ರೆ ಆ ಅಜ್ಜಿಗೆ ಕಿವಿ ಕೇಳಲ್ಲ,” ಅಂದೆ.

ಇದನ್ನು ಯಾರು ನಂಬುತ್ತಾರೆ? ನನಗೇ ಅದು ಸಿಕ್ಕಿಬಿದ್ದ ಕಳ್ಳಿಯ ಮಾತಿನ ಹಾಗೆ ಕೇಳಿಸಿತು. ಆದರೆ ಮೇಲ್ವಿಚಾರಕರು ಕೆಂಪು ಪೆನ್ನನ್ನು ಕೆಳಗಿಟ್ಟರು. “ಹೌದು ಮೇಡಂ. ನಾನು ಹೋದಾಗ ನಮಸ್ಕಾರ ಅಂತ ಹೇಳಕ್ಕೆ ಮೂರ್ ಸಲ ಕೂಗ್ದೆ. ಅಜ್ಜಿಗೆ ಕೇಳ್ಲಿಲ್ಲ,” ಅಂದರು. ಅವರು ಹೋದಾಗ ಆ ಮನೆಯ ಮಗನೂ ಅಲ್ಲೇ ಕೂತಿದ್ದನಂತೆ. ಅದನ್ನೂ ಅವರಾಗಿಯೇ ಹೇಳಿದರು.

ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಸುಮ್ಮನಿದ್ದುಬಿಟ್ಟಿದ್ದರೆ ಅವರ ಮಾತೇ ಗೆಲ್ಲುತ್ತಿತ್ತು. ಅವರೂ ಕಂಡದ್ದನ್ನೇ ಬರೆಯುವ ಜಾತಿಯವರು, ನನ್ನ ಹಾಗೆಯೇ. ಉಳಿದರ್ಧ ಸಿಟ್ಟು ಇಳಿಯುವುದಕ್ಕೆ ಎರಡು ವಾರ ಹಿಡಿಯಿತು, ಅದನ್ನೂ ಮುಚ್ಚಿಡುವುದಿಲ್ಲ. ಅವತ್ತು ಅವರು ಒಂದೊಂದು ಫಾರಮ್ಮಿನ ಮೇಲೂ ‘ಸಂಶಯ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಕೊನೆಯ ಸಹಿ ಬೀಳುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಈ ಚುಕ್ಕೆ ಇಡುವುದನ್ನು ಯಾರು ಕಲಿಸಿದರು ಎಂದು ಮೇಡಂ ಕೇಳಿದರು. ಯಾರಿಗೂ ಹೇಳದ ಒಂದು ವಿಷಯವನ್ನು ಆಗ ಹೇಳಿದೆ. ನಾನು ಮದುವೆಯಾಗಿ ಬಂದದ್ದು ರಾಜಾಜಿನಗರದ ಒಂದು ವಠಾರಕ್ಕೆ. ಸಾಲಿಗೆಲ್ಲ ಒಂದೇ ಕಕ್ಕಸು, ಅದೂ ಮಾಲೀಕರ ಜಗುಲಿಯ ಎದುರಿಗೆ. ಮಾಲೀಕರು ಇಡೀ ದಿನ ಪೇಪರ್ ಹಿಡಿದು ಅಲ್ಲೇ ಕೂತಿರುತ್ತಿದ್ದರು. ಹತ್ತೊಂಬತ್ತು ವರ್ಷದ ಹೊಸ ಮದುಮಗಳು ನಾನು, ಹಗಲು ಒಂದು ಲೋಟ ನೀರು ಕುಡಿಯುವುದಕ್ಕೂ ಹೆದರುತ್ತಿದ್ದೆ. ಉರಿಯಾಗಿ ಅಳು ಬರುತ್ತಿತ್ತು, ಜೀರಿಗೆ ನೀರು ಕುಡಿದು ಸುಮ್ಮನಿರುತ್ತಿದ್ದೆ. ಒಂದು ದಿನ ನರ್ಸಮ್ಮನ ಹಾಗಿದ್ದ ಒಬ್ಬರು ಫಾರಂ ಹಿಡಿದು ಬಂದರು. ಏನಾದರೂ ತೊಂದರೆ ಇದೆಯಾ ಎಂದು ನನ್ನನ್ನೇ ಕೇಳಿದರು. ನಮ್ಮತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದವರು, ನಮ್ಮ ಸೊಸೆಗೆ ಏನೂ ತೊಂದರೆ ಇಲ್ಲ ಅಂದರು. ನಾನು ತಲೆ ಅಲ್ಲಾಡಿಸಿದೆ. ಆಕೆ ‘ಇಲ್ಲ’ ಎಂದು ಬರೆದುಕೊಂಡು ಪಕ್ಕದ ಮನೆಗೆ ಹೋದರು. ನಮ್ಮತ್ತೆ ಕೆಟ್ಟವರೇನಲ್ಲ. ಮನೆಯ ಮಾತು ಹೊರಗೆ ಹೋಗಬಾರದು ಎಂದು ಬೆಳೆದವರು, ಅಷ್ಟೇ. ಆದರೆ ನನ್ನದೊಂದು ಸುಳ್ಳು ‘ಇಲ್ಲ’ ಯಾವುದೋ ಆಫೀಸಿನ ಯಾವುದೋ ಕಪಾಟಿನಲ್ಲಿ ನಿಜ ಅನ್ನಿಸಿಕೊಂಡು ಕೂತಿದೆ. ಫಾರಂ ಹಿಡಿಯುವ ಕೆಲಸ ನನಗೆ ಸಿಕ್ಕಿದ ಮೊದಲನೆಯ ದಿನವೇ ಅದು ನೆನಪಾಗಿತ್ತು, ಅವತ್ತೇ ಚುಕ್ಕೆ ಶುರುಮಾಡಿದ್ದೆ.

ಮೇಡಂ ತಾವೇ ಕೆಳಗಿಳಿದು ಹೋಗಿ ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಕೈಗೆ ಕೊಟ್ಟರು.

ಆಮೇಲಿನದು ಹಬ್ಬ. ನಾಲ್ಕೂ ವಿಷಯದವರು ಸೇರಿ ನನ್ನ ಚುಕ್ಕೆಯ ಮೇಲೆ ಇಡೀ ಒಂದು ಮಧ್ಯಾಹ್ನ ಚರ್ಚೆ ಮಾಡಿದರು, ನನ್ನನ್ನು ನಡುವೆ ಕೂರಿಸಿಕೊಂಡು. ಕಾನೂನಿನವರಿಗೆ ಅದು ಸಾಕ್ಷಿಯ ಪ್ರಶ್ನೆಯಾಗಿ ಕಂಡಿತು, ಎದುರಿಗೆ ಹೆದರಿಸುವವರಿದ್ದರೆ ಹೇಳಿಕೆಗೆ ಬೆಲೆಯಿಲ್ಲವಂತೆ. ಚರಿತ್ರೆಯ ಮೇಷ್ಟ್ರು ಒಂದೊಂದು ಚುಕ್ಕೆಯ ಹಿಂದೆ ಯಾರು ಕೂತಿದ್ದರು, ಅದೇ ನಿಜವಾದ ಕಥೆ ಅಂದರು. ಪರಿಸರದವರು ತಮ್ಮ ಹಸಿರು ಹಾಳೆಯನ್ನೂ ಚುಕ್ಕೆ ಹಿಡಿದು ಮತ್ತೆ ನೋಡಬೇಕು ಎಂದು ತಲೆ ಕೆರೆದುಕೊಂಡರು. ಮಾಲೀಕನೆದುರು ಯಾವ ಬಾಡಿಗೆಯವರು ಮೋರಿ ಕಟ್ಟಿದೆ ಅಂದಾರು? ಕೊನೆಗೆ, ಎರಡನೆಯ ಸಲ ಹೋಗುವವರು ಹೆಂಗಸರೇ ಆಗಿರಬೇಕು, ಹನ್ನೊಂದರ ಹೊತ್ತಿಗೇ ಹೋಗಬೇಕು ಎಂದು ತೀರ್ಮಾನವಾಯಿತು. ಹಾಗೆ ಹೋದಾಗ ಕೆಂಗೇರಿಯ ಆ ಹೆಂಗಸು ಮತ್ತೆ ಹೌದು ಅಂದಳು.

ಮುಂದಿನ ಸಲ ಫಾರಂ ಅಚ್ಚಾಗಿ ಬಂದಾಗ ಬಿಳಿ ಹಾಳೆಯ ಬಲ ಮೂಲೆಯಲ್ಲಿ ಒಂದು ಸಣ್ಣ ಖಾಲಿ ವೃತ್ತ ಇತ್ತು. ಬೇರೆ ಯಾರಾದರೂ ಪಕ್ಕದಲ್ಲಿದ್ದರೆ ಅದನ್ನು ತುಂಬಬೇಕು, ತುಂಬಿದ ಮನೆಗೆ ಇನ್ನೊಮ್ಮೆ ಹೋಗಿ ಅವರೊಬ್ಬರೇ ಇದ್ದಾಗ ಕೇಳಬೇಕು ಎಂದು ಸೂಚನೆಯಲ್ಲಿ ಬರೆದಿತ್ತು. ಕದ್ದು ಇಡುತ್ತಿದ್ದ ಚುಕ್ಕೆಗೆ ಜಾಗ ಮಾಡಿಕೊಟ್ಟಿದ್ದರು. ನಾನು ಆ ಖಾಲಿ ಫಾರಂ ಒಂದನ್ನು ಮನೆಗೆ ತಂದು, ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇನೆ.

ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಹೋದ ತಿಂಗಳು ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಹೆಗಲಿಗೆ ಚೀಲ, ಕೈಯಲ್ಲಿ ಫಾರಂ ಹಿಡಿದ ಒಬ್ಬ ಹೆಣ್ಣುಮಗಳು. ಮಾತು ಕೇಳಿದರೆ ಧಾರವಾಡದ ಕಡೆಯವಳು. ಬೇರೆ ಯಾವುದೋ ಸಂಸ್ಥೆ, ಬೇರೆ ಯಾವುದೋ ಸಂಶೋಧನೆ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರ ಆರೋಗ್ಯದ ಮೇಲಂತೆ. ನಾನೂ ಈ ಕಸುಬಿನವಳೇ ಎಂದು ಹೇಳಲಿಲ್ಲ. ಉತ್ತರ ಹೇಳುವ ಕುರ್ಚಿಯಲ್ಲಿ ಕೂರುವ ಆಸೆಯಾಯಿತು.

ನಮ್ಮತ್ತೆಗೆ ಎಂಬತ್ತು ದಾಟಿದೆ. ಕಿವಿ ಮಾತ್ರ ಇವತ್ತಿಗೂ ಚುರುಕು. ಪಕ್ಕದ ದಿವಾನದ ಮೇಲೆ ಕಾಲು ನೀಡಿ ಕೂತಿದ್ದರು. ದಿನದಲ್ಲಿ ಸ್ವಲ್ಪ ಹೊತ್ತಾದರೂ ನಿಮಗೆ ಅಂತ ಬಿಡುವು ಸಿಗುತ್ತದೆಯೇ ಎಂದು ಆ ಹುಡುಗಿ ನನ್ನನ್ನು ಕೇಳಿದಳು.

“ಅವಳಿಗೇನಮ್ಮ, ಬರೀ ಬಿಡುವೇ. ಬರ್ಕೋ,” ಅಂದರು ನಮ್ಮತ್ತೆ.

“ಹ್ಞೂ, ಸಿಗುತ್ತೆ,” ಅಂದೆ ನಾನು. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಊರಿನವರ ಬಾಯಿ ಬಿಡಿಸಿದವಳು ಸ್ವಂತ ಮನೆಯಲ್ಲಿ ಮತ್ತೆ ಹತ್ತೊಂಬತ್ತು ವರ್ಷದವಳಾಗಿ ತಲೆ ಅಲ್ಲಾಡಿಸಿದ್ದೆ.

ಆ ಹುಡುಗಿ ‘ಸಿಗುತ್ತದೆ’ ಎಂದೇ ಬರೆದುಕೊಂಡಳು. ಆಮೇಲೆ ಒಂದು ಸಲ ನಮ್ಮತ್ತೆಯನ್ನು ನೋಡಿ, ಒಂದು ಸಲ ನನ್ನನ್ನು ನೋಡಿ, ಫಾರಮ್ಮಿನ ಬಲ ಮೂಲೆಗೆ ಪೆನ್ನು ಒಯ್ದಳು. ಅಲ್ಲಿ ಒಂದು ಸಣ್ಣ ವೃತ್ತ ಇತ್ತು. ಅದನ್ನು ತುಂಬಿದಳು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅದೇನಮ್ಮ ಎಂದು ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಅದು ನಮ್ಮ ರೂಲ್ಸ್ ಐತ್ರಿ. ಯಾರೋ ಹಳೇ ಸರ್ವೆ ಮೇಡಮ್ಮಾರು ಶುರು ಮಾಡಿದ್ದಂತ. ಅವರ ಹೆಸರು ಗೊತ್ತಿಲ್ರಿ,” ಅಂದಳು. ಇನ್ನೊಂದು ದಿನ ಬರುತ್ತೇನೆ ಎಂದು ಚೀಲ ಎತ್ತಿಕೊಂಡು ಎದ್ದಳು.

ಇನ್ನೊಂದು ದಿನ ಯಾಕೆ, ಕಾಫಿ ಕುಡಿದುಕೊಂಡು ಹೋಗು ಅಂದೆ. ಅಡುಗೆಮನೆಗೆ ಕರೆದುಕೊಂಡು ಹೋದೆ. ನಮ್ಮತ್ತೆ, ಏನು ಮಾತಾಡ್ತಿದೀರಿ ಎಂದು ಅಲ್ಲಿಂದಲೇ ಕೂಗಿದರು. ನಾನು ಹಾಲು ಸ್ಟೌ ಮೇಲಿಟ್ಟು, ಬಾಗಿಲು ಮುಂದೆ ಮಾಡಿ, ಆ ಹುಡುಗಿಯ ಎದುರಿಗೆ ನಿಂತೆ.

“ಈಗ ಕೇಳು,” ಅಂದೆ.

ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.

“ಇಲ್ಲ ಕಣಮ್ಮ, ಸಿಗಲ್ಲ,” ಅಂದೆ. “ಬರ್ಕೋ.”